ನೀರಿನ ಋಣ

ಬಹುಕಾಲ ವಾಸವಾಗಿದ್ದ ಊರನ್ನು ಬಿಟ್ಟು ಹೊರಡುವವರು, ಸಾಮಾನು ಸರಂಜಾಮುಗಳನ್ನೆಲ್ಲ ಗಾಡಿಗೆ ಏರಿಸಿಯಾದ ಮೇಲೆ, ಬೀಗ ಹಾಕಿದ ಬಾಗಿಲ ಮುಂದೆ ಒಂದು ಗಳಿಗೆ ನಿಂತು, ‘ಇಲ್ಲಿಗೆ ಈ ಊರಿನ ನೀರಿನ ಋಣ ತೀರಿತು’ ಎಂದು ಹೇಳುವ ವಾಡಿಕೆ ನಮ್ಮಲ್ಲಿ ಉಂಟು. ವರ್ಗವಾಗಿ ಹೊರಟ ಉಪಾಧ್ಯಾಯನೂ ಹಾಗೆನ್ನುತ್ತಾನೆ. ಬರಗಾಲಕ್ಕೆ ಸಿಕ್ಕಿ ಹೊಲಮನೆಗಳನ್ನು ಮಾರಿದ ಒಕ್ಕಲಿಗನೂ ಹಾಗೆನ್ನುತ್ತಾನೆ. ಮಾತು ಸಾಮಾನ್ಯವಾದುದು, ಅದರ ಒಡಲಲ್ಲಿ ಅಡಗಿರುವ ತತ್ತ್ವ ಮಾತ್ರ ಸಾಮಾನ್ಯವಾದುದಲ್ಲ. ಮನುಷ್ಯನು ತಾನು ಹುಟ್ಟಿ ಬೆಳೆದ ನೆಲಕ್ಕೆ ಸಾಲಗಾರನೆಂದೂ, ಆ ನೆಲದ ಬಾವಿಯಿಂದ ಸೇದಿ ಕುಡಿದ ಒಂದೊಂದು ಬಿಂದಿಗೆ ನೀರೂ ಅವನ ಹೆಸರಿನಲ್ಲಿ ಎಲ್ಲಿಯೋ ಬರೆದಿಟ್ಟಿರುವುದೆಂದೂ, ಅದು ಸಂದಾಯವಾಗುವ ತನಕ ಅವನು ಹೊರಡಲಾರನು, ಸಂದಾಯವಾದ ಬಳಿಕ ನಿಲ್ಲಲಾರನು ಎಂದೂ ನಮ್ಮ ಹಿರಿಯರು ನಂಬಿದ್ದರು.

ಕಾಲ ನೆಟ್ಟಗಿರುವಾಗ ಈ ಲೆಕ್ಕವನ್ನು ಯಾರೂ ಕುಳಿತು ಹಾಕುವುದಿಲ್ಲ. ವರ್ಗದ ಹುಕುಂ ಬಂದರೆ ಋಣ ತೀರಿತು, ಬರದಿದ್ದರೆ ತೀರಲಿಲ್ಲ. ಆದರೆ ರಾಜ್ಯವೇ ತಳದಿಂದ ಅಲುಗಾಡತೊಡಗಿ, ನ್ಯಾಯಸ್ಥಾನದ ಮಾತು ಬಂದೂಕು ಹಿಡಿದವನ ಮಾತಿಗೆ ಅಧೀನವಾಗಿ, ನಿನ್ನೆಯ ಪ್ರಜೆ ಇಂದು ಪರಕೀಯನೆನಿಸಿ, ನಡುರಾತ್ರಿ ನೆರೆಮನೆಯ ಕದ ಬಡಿದ ಸದ್ದು ನಾಳೆ ತಮ್ಮ ಕದಕ್ಕೂ ಬಂದೀತೆಂಬ ಶಂಕೆ ಮನೆಮನೆಯನ್ನೂ ಹೊಕ್ಕ ಕಾಲದಲ್ಲಿ, ವಿಧಿ ಮಾಡಬೇಕಾದ ಆ ಲೆಕ್ಕವನ್ನು ಮನುಷ್ಯನು ತಾನೇ ಮಾಡಬೇಕಾಗುತ್ತದೆ. ಹೊರಡಲೋ, ನಿಲ್ಲಲೋ? ನನ್ನ ಋಣ ತೀರಿತೆಂದು ಹೇಳತಕ್ಕವರು ಯಾರು? ಮೇಲ್ನೋಟಕ್ಕೆ ರಾಜಕಾರಣದ್ದೆಂದು ಕಾಣುವ ಈ ಪ್ರಶ್ನೆ ವಾಸ್ತವವಾಗಿ ಧರ್ಮದ ಪ್ರಶ್ನೆ. ಧರ್ಮದ ಪ್ರಶ್ನೆಗಳಲ್ಲಿಯೂ ಅತ್ಯಂತ ಕಠಿನವಾದವುಗಳಲ್ಲೊಂದು.

ನೀತಿಶಾಸ್ತ್ರಕಾರರಿಗೆ ಇದು ಕಠಿನವೆನಿಸಿದಂತೆ ತೋರುವುದಿಲ್ಲ. ಮರ್ಯಾದೆಯೂ ಜೀವನೋಪಾಯವೂ ಇಲ್ಲದ ನಾಡಿನಲ್ಲಿ ಜಾಣನಾದವನು ನಿಲ್ಲಲಾಗದೆಂದು ಅವರು ನಿಶ್ಚಿಂತೆಯಿಂದ ಹೇಳಿದ್ದಾರೆ. ಅದು ಒಂಟಿ ಪ್ರಯಾಣಿಕನಿಗೆ ಹೇಳಿದ ಬುದ್ಧಿಮಾತು. ತನ್ನ ಗಂಟನ್ನು ತಾನೇ ಹೊತ್ತು ನಡೆಯಬಲ್ಲವನಿಗೆ ಅಷ್ಟು ಸಾಕು. ಹಾಸಿಗೆ ಹಿಡಿದ ತಾಯಿ, ಓದುವ ಮಕ್ಕಳು, ತನ್ನನ್ನೇ ನಂಬಿದ ಶಿಷ್ಯರು, ತನ್ನ ಮಾತಿಗೆ ಕಿವಿಗೊಡುವ ನೆರೆಹೊರೆ, ಇವರ ನಡುವೆ ನಿಂತವನಿಗೆ ಆ ಮಾತಿನಿಂದ ಬೆಳಕು ದೊರೆಯದು. ಲೋಕದ ತೀರ್ಪಂತೂ ಇನ್ನೂ ಅವಸರದ್ದು: ಹೊರಟವನನ್ನು ಹೇಡಿಯೆಂದೂ ಉಳಿದವನನ್ನು ಮೂಢನೆಂದೂ ಕರೆದು, ಗಾಳಿ ಬದಲಾದಾಗ ಹೊರಟವನನ್ನು ದೂರದರ್ಶಿಯೆಂದೂ ಉಳಿದವನನ್ನು ವೀರನೆಂದೂ ಕರೆದು, ಅದು ಸುಮ್ಮನಾಗುತ್ತದೆ. ಧೈರ್ಯದ ಅಳತೆಗೋಲು ಇಲ್ಲಿ ಉಪಯೋಗಕ್ಕೆ ಬಾರದು. ಹೊರಡುವುದಕ್ಕೆ ಬೇಕಾದ ಎದೆಗಾರಿಕೆ ನಿಲ್ಲುವುದಕ್ಕೆ ಬೇಕಾದುದಕ್ಕಿಂತ ಕಡಿಮೆಯೆಂದು ಹೇಳುವವರು, ಭಾಷೆಯರಿಯದ ಊರಿನಲ್ಲಿ ಐವತ್ತನೆಯ ವಯಸ್ಸಿಗೆ ಬಾಳನ್ನು ಮೊದಲಿನಿಂದ ಆರಂಭಿಸಿದವರನ್ನು ಒಮ್ಮೆ ಕೇಳಿ ನೋಡಬೇಕು.

ಗ್ರೀಸಿನ ಸಾಕ್ರೆಟಿಸನು ಇದನ್ನು ಋಣದ ಪ್ರಶ್ನೆಯೆಂದೇ ತಿಳಿದವನು. ಕ್ರಿ. ಪೂ. 399ರಲ್ಲಿ ಮರಣದಂಡನೆಗೆ ಗುರಿಯಾಗಿ ಸೆರೆಮನೆಯಲ್ಲಿದ್ದ ಆ ಎಪ್ಪತ್ತರ ವೃದ್ಧನ ಬಳಿಗೆ ಗೆಳೆಯ ಕ್ರೀಟೋ ನಸುಕಿನಲ್ಲೇ ಬಂದು, ಏರ್ಪಾಡೆಲ್ಲ ಆಗಿದೆ, ಥೆಸ್ಸಲಿಗೆ ಹೊರಟುಬಿಡು ಎಂದು ಅಂಗಲಾಚಿದಾಗ, ಅಥೆನ್ಸಿನ ಶಾಸನಗಳೇ ಮೂರ್ತಿವೆತ್ತು ಎದುರಿಗೆ ಬಂದು, ನಿನ್ನನ್ನು ಹೆತ್ತು ಸಾಕಿದವರು ನಾವಲ್ಲವೆ ಎಂದರೆ ತಾನು ಏನು ಉತ್ತರ ಕೊಡಬೇಕೆಂದು ಅವನು ಕೇಳಿದನೆಂಬುದಾಗಿ ಪ್ಲೇಟೋ ಬರೆದಿಟ್ಟಿದ್ದಾನೆ. ಆ ವಾದದ ಮುಂದೆ ತಲೆ ತಾನಾಗಿಯೇ ಬಾಗುತ್ತದೆ. ಆದರೂ ಒಂದು ಸಂಶಯ ಉಳಿಯುವುದು. ಸಾಕ್ರೆಟಿಸನಿಗೆ ಸಾಲ ಕೊಟ್ಟ ಧಣಿ ಆ ದಿನವೂ ಜೀವಂತವಾಗಿದ್ದನು. ತೀರ್ಪು ಅನ್ಯಾಯದ್ದಾದರೂ ನ್ಯಾಯಸಭೆ ಕೂಡಿತ್ತು, ಮತಗಳ ಎಣಿಕೆಯಾಗಿತ್ತು. ಶಾಸನವನ್ನೇ ಕೊಂದು, ಅದರ ಪೀಠದ ಮೇಲೆ ಒಬ್ಬ ಮನುಷ್ಯನ ಇಚ್ಛೆಯನ್ನು ಕುಳ್ಳಿರಿಸಿದ ರಾಜ್ಯದಲ್ಲಿ ಸಾಲವು ಯಾರಿಗೆ ಸಲ್ಲಬೇಕು? ಧಣಿ ಸತ್ತನೆಂದು ಸಾಲವೂ ಸತ್ತಿತೆ, ಅಥವಾ ಅವನ ಮಕ್ಕಳಿಗೆ ಸಲ್ಲಬೇಕೆ?

ಹೀಗೆ ಯೋಚಿಸಿದಾಗಲೆಲ್ಲ ನನ್ನ ಮನಸ್ಸು 1939ನೆಯ ಇಸವಿಯ ಬೇಸಗೆಯಲ್ಲಿ ನ್ಯೂಯಾರ್ಕ್ ನಗರದ ಒಂದು ಕೊಠಡಿಯ ಮುಂದೆ ಹೋಗಿ ನಿಲ್ಲುತ್ತದೆ. ಅಲ್ಲಿಯ ಯೂನಿಯನ್ ಧರ್ಮವಿದ್ಯಾಲಯದಲ್ಲಿ, ಗಣ್ಯ ಅತಿಥಿಗಳಿಗೆಂದು ಮೀಸಲಾಗಿ ‘ಪ್ರವಾದಿಯ ಕೋಣೆ’ ಎಂದು ಹೆಸರು ಪಡೆದಿದ್ದ ಆ ಕೊಠಡಿಯಲ್ಲಿ, ಮೂವತ್ತಮೂರು ವರ್ಷ ವಯಸ್ಸಿನ ಜರ್ಮನ್ ಪಾದ್ರಿ ಡೀಟ್ರಿಖ್ ಬೊನ್‌ಹೋಫರನು ಜೂನ್ 12ರಂದು ಬಂದು ಇಳಿದನು. ಹಿಟ್ಲರನ ಹಿಡಿತಕ್ಕೆ ಒಳಗಾಗಲೊಪ್ಪದೆ ಬೇರೆ ನಿಂತ ಕ್ರೈಸ್ತಸಭೆಗೆ ಸೇರಿದವನು ಅವನು. ಆ ಸಭೆಯ ತರುಣ ಪಾದ್ರಿಗಳನ್ನು ಸಿದ್ಧಗೊಳಿಸಲು ಫಿಂಕನ್‌ವಾಲ್ಡೆ ಎಂಬಲ್ಲಿ ಅವನು ನಡೆಸುತ್ತಿದ್ದ ಗುರುಕುಲವನ್ನು 1937ರಲ್ಲಿ ಪೊಲೀಸರು ಮುಚ್ಚಿಸಿದ್ದರು. ಈಗ ಅವನ ವಯಸ್ಸಿನವರನ್ನು ಸೈನ್ಯಕ್ಕೆ ಕರೆಯುವ ಕಾಲ ಸಮೀಪಿಸಿತ್ತು. ಹಿಟ್ಲರನ ಹೆಸರಿನಲ್ಲಿ ಆಣೆಯಿಟ್ಟು ಆಯುಧ ಹಿಡಿಯಲು ಅವನ ಅಂತಃಕರಣ ಒಪ್ಪದು. ಒಪ್ಪೆನೆಂದು ಬಹಿರಂಗವಾಗಿ ಹೇಳಿದರೆ ಸರ್ಕಾರದ ಕೋಪ ಅವನೊಬ್ಬನ ಮೇಲಲ್ಲದೆ ಸಭೆಯೆಲ್ಲದರ ಮೇಲೂ ಇಳಿಯುವುದು. ಈ ಇಕ್ಕಟ್ಟಿನಿಂದ ಅವನನ್ನು ಪಾರುಮಾಡಬೇಕೆಂದು ರೈನ್‌ಹೋಲ್ಡ್ ನೀಬೂರ್ ಮೊದಲಾದ ಅಮೆರಿಕದ ಮಿತ್ರರು ಆಹ್ವಾನ ಕಳುಹಿಸಿ, ಉದ್ಯೋಗಕ್ಕೂ ಏರ್ಪಾಡು ಮಾಡಿದ್ದರು. ಅದೇ ವಿದ್ಯಾಲಯದಲ್ಲಿ, 1933ರಲ್ಲೇ ಫ್ರಾಂಕ್‌ಫರ್ಟಿನ ಪೀಠದಿಂದ ಉಚ್ಚಾಟಿತನಾಗಿ ಬಂದ ಪಾಲ್ ಟಿಲಿಕ್ ಎಂಬ ದೊಡ್ಡ ತತ್ತ್ವಜ್ಞನು ನೆಲೆಸಿದ್ದನು. ಇರುವುದಕ್ಕೆ ಸ್ಥಳ, ಮಾಡುವುದಕ್ಕೆ ಕೆಲಸ, ಪ್ರಾಣಕ್ಕೆ ಅಭಯ, ವಿದ್ವಾಂಸರ ಸಹವಾಸ, ಯಾವುದಕ್ಕೂ ಕೊರತೆಯಿರಲಿಲ್ಲ.

ಆದರೂ ಅವನ ಮನಸ್ಸಿಗೆ ನೆಮ್ಮದಿಯಿಲ್ಲವಾಯಿತು. ತಾನು ಬಿಟ್ಟುಬಂದ ಸೋದರರು ಈ ಹೊತ್ತಿನಲ್ಲಿ ಏನು ಮಾಡುತ್ತಿರುವರೆಂಬ ಚಿಂತೆ ಅವನನ್ನು ಹಗಲಿರುಳೂ ಕಾಡಿತು. ದಿನಚರಿಯಲ್ಲಿ ಅದನ್ನೇ ಬರೆದುಕೊಂಡನು. ಅವನಿಗೆ ಒದಗಿಸಿದ ಕೆಲಸವಾದರೂ ಸಾಧಾರಣವಾದುದಲ್ಲ, ಜರ್ಮನಿಯಿಂದ ಓಡಿಬಂದ ನಿರಾಶ್ರಿತರ ಸೇವೆ. ಯಾವ ಧರ್ಮದ ತಕ್ಕಡಿಯಲ್ಲಿ ತೂಗಿದರೂ ತೂಕವುಳ್ಳ ಪುಣ್ಯಕಾರ್ಯ. ಆದರೆ ಅದನ್ನು ಕೈಗೊಂಡವನು ಮತ್ತೆ ಜರ್ಮನಿಯ ಗಡಿಯೊಳಗೆ ಕಾಲಿಡುವಂತಿರಲಿಲ್ಲ. ಆ ಪುಣ್ಯಕಾರ್ಯವೇ ಹಿಂದಿರುಗುವ ಬಾಗಿಲಿಗೆ ಬೀಗವಾಗುತ್ತಿತ್ತು. ಇದು ಸ್ಪಷ್ಟವಾದ ಬಳಿಕ ಜೂನ್ 20ರಂದು ಅವನು ಅದನ್ನು ಒಲ್ಲೆನೆಂದನು. ಆರು ದಿನ ಕಳೆದು, ನಿತ್ಯದ ಬೈಬಲ್ ಪಾರಾಯಣದಲ್ಲಿ, ಸೆರೆಯಲ್ಲಿದ್ದ ಪೌಲನು ಚಳಿಗಾಲಕ್ಕೆ ಮುಂಚೆಯೇ ಬಂದು ಸೇರೆಂದು ತಿಮೊಥೆಯನನ್ನು ಬೇಡಿಕೊಳ್ಳುವ ಮಾತು ಅವನ ಕಣ್ಣಿಗೆ ಬಿತ್ತು. ಅದು ತನಗೇ ಹೇಳಿದಂತಿದೆಯೆಂದು ಅನಿಸಿ ದಿನವೆಲ್ಲ ಮನಸ್ಸಿನಲ್ಲಿ ಉಳಿಯಿತು. ಹೊರಡುವ ಮುನ್ನ ನೀಬೂರನಿಗೆ ಕಾಗದ ಬರೆದು, ತಾನು ಅಮೆರಿಕಕ್ಕೆ ಬಂದುದೇ ತಪ್ಪಾಯಿತೆಂದೂ, ಈ ಪರೀಕ್ಷೆಯ ಕಾಲವನ್ನು ತನ್ನ ಜನರೊಡನೆ ಹಂಚಿಕೊಳ್ಳದೆ ಹೋದರೆ ಯುದ್ಧಾನಂತರ ಅವರ ಧಾರ್ಮಿಕ ಜೀವನವನ್ನು ಮರಳಿ ಕಟ್ಟುವ ಕಾರ್ಯದಲ್ಲಿ ತನಗೆ ಅಧಿಕಾರವಿರದೆಂದೂ ತಿಳಿಸಿದನು. ಜುಲೈ 7ರ ರಾತ್ರಿ ಹಡಗನ್ನೇರಿ, 27ರಂದು ಬರ್ಲಿನ್ನಿನ ತನ್ನ ಮನೆಯಲ್ಲಿದ್ದನು. ಅಲ್ಲಿಂದ ಐದು ವಾರಕ್ಕೆ ಮಹಾಯುದ್ಧ ಆರಂಭವಾಯಿತು.

‘ಅಧಿಕಾರ’ ಎಂಬ ಮಾತನ್ನು ನಮ್ಮ ಶಾಸ್ತ್ರಗಳ ಅರ್ಥದಲ್ಲಿ ಹಿಡಿದರೆ ಆ ಕಾಗದದ ತಿರುಳು ಇನ್ನೂ ಚೆನ್ನಾಗಿ ತೆರೆದುಕೊಳ್ಳುತ್ತದೆ. ದೀಕ್ಷೆ ತೊಡದವನಿಗೆ ಯಜ್ಞದಲ್ಲಿ ಅಧಿಕಾರವಿಲ್ಲ. ಅವನು ಎಷ್ಟೇ ವಿದ್ವಾಂಸನಾಗಿರಲಿ, ಎಷ್ಟೇ ಭಕ್ತಿವಂತನಾಗಿರಲಿ, ಅವನ ಕೈಯ ಆಹುತಿ ಅಗ್ನಿಗೆ ಸಲ್ಲದು. ಬೊನ್‌ಹೋಫರನು ತನ್ನ ಜನದ ಮುಂದಿನ ಕಾಲವನ್ನು ಒಂದು ಯಜ್ಞವೆಂದು ಕಂಡು, ಬರಲಿರುವ ಕಷ್ಟವನ್ನು ಅದರ ದೀಕ್ಷೆಯೆಂದು ತಿಳಿದನು. ಶಾಸನವು ಸತ್ತುಹೋದ ನಾಡಿನಲ್ಲಿ ತನ್ನ ಸಾಲವು ಆ ಶಾಸನದ ಮಕ್ಕಳಾದ ನೆರೆಯವರಿಗೆ, ತಾನು ಪಾಠ ಹೇಳಿದ ತರುಣರಿಗೆ, ಬಾಯಿಕಟ್ಟಿದ ಸಭೆಗೆ ಸಲ್ಲಬೇಕಾದುದೆಂದು ಅವನು ಲೆಕ್ಕ ಹಾಕಿದನು. ಮತ್ತು ಆ ಸಾಲ ನ್ಯೂಯಾರ್ಕಿನಿಂದ ಕಳುಹಿಸಿ ತೀರಿಸುವಂಥದಾಗಿರಲಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ, ಉಳಿಯುವುದೇ ಧರ್ಮ, ಹೊರಡುವುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಎಂಬ ಭ್ರಾಂತಿ ಹುಟ್ಟೀತು. ಆದರೆ ಇದೇ ಮನುಷ್ಯನು ಹತ್ತು ತಿಂಗಳ ಹಿಂದೆ ಏನು ಮಾಡಿದನೆಂಬುದನ್ನು ನೋಡಬೇಕು. ಅವನ ಜೊತೆಯಲ್ಲೇ ಹುಟ್ಟಿದ ಅವಳಿ ಸೋದರಿ ಸಾಬೀನೆಯ ಪತಿ ಗೆರ್ಹಾರ್ಟ್ ಲೈಬ್‌ಹೋಲ್ಟ್ಸ್ ಗಟ್ಟಿಂಗನ್ ವಿಶ್ವವಿದ್ಯಾಲಯದಲ್ಲಿ ನ್ಯಾಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು. ದೀಕ್ಷಾಸ್ನಾನ ಪಡೆದ ಕ್ರೈಸ್ತನಾದರೂ ಹುಟ್ಟಿನಿಂದ ಯೆಹೂದ್ಯ ವಂಶದವನೆಂಬ ಒಂದೇ ಕಾರಣದಿಂದ 1935ರಲ್ಲಿ ಪೀಠವನ್ನು ಕಳೆದುಕೊಂಡಿದ್ದನು. 1938ರ ಸೆಪ್ಟೆಂಬರಿನಲ್ಲಿ ಆ ದಂಪತಿಗಳು ಇಬ್ಬರು ಎಳೆಯ ಹೆಣ್ಣುಮಕ್ಕಳನ್ನು ಕಾರಿನಲ್ಲಿ ಕುಳ್ಳಿರಿಸಿಕೊಂಡು ಸ್ವಿಟ್ಜರ್‌ಲೆಂಡಿನ ಗಡಿಯತ್ತ ಹೊರಟಾಗ, ಬೊನ್‌ಹೋಫರನು ಒಬ್ಬ ಮಿತ್ರನೊಡನೆ ಬಹುದೂರ ಅವರ ಜೊತೆಯಲ್ಲೇ ಹೋಗಿ ಬೀಳ್ಕೊಟ್ಟನು. ಜನರ ಕಷ್ಟವನ್ನು ಹಂಚಿಕೊಳ್ಳಬೇಕೆಂದು ತನಗೆ ಹೇಳಿಕೊಂಡ ಮಾತನ್ನು ಅವನು ಸೋದರಿಗೆ ಹೇಳಲಿಲ್ಲ. ಏಕೆಂದರೆ ಯಜ್ಞದಲ್ಲಿ ಋತ್ವಿಜನಾಗಿ ನಿಲ್ಲುವುದು ಬೇರೆ, ಯಜ್ಞಪಶುವಾಗಿ ಕಂಬಕ್ಕೆ ಕಟ್ಟಿಸಿಕೊಳ್ಳುವುದು ಬೇರೆ. ಯಾರನ್ನು ಒಂದು ನಾಡು ತನ್ನವರಲ್ಲವೆಂದು ಪಟ್ಟಿ ಬರೆದು ಹೊರಹಾಕಿತೋ, ಅವರ ಸಾಲಪತ್ರವನ್ನು ಆ ನಾಡು ತನ್ನ ಕೈಯಿಂದಲೇ ಹರಿದುಹಾಕಿದಂತೆ. ಅವರು ಹೊರಟರೆ ಯಾವ ಋಣವನ್ನೂ ಮುರಿದಂತಾಗುವುದಿಲ್ಲ.

ಅಷ್ಟೇ ಅಲ್ಲ, ನಿಂತವನ ಲೆಕ್ಕದಲ್ಲಿ ಅವನೊಬ್ಬನ ಪ್ರಾಣವೇ ಇರುವುದಿಲ್ಲ. ಯೋಖೆನ್ ಕ್ಲೆಪ್ಪರ್ ಎಂಬ ಜರ್ಮನ್ ಭಕ್ತಕವಿ ತನ್ನ ನಾಡನ್ನೂ ಅದರ ನುಡಿಯನ್ನೂ ಪ್ರಾಣದಂತೆ ಪ್ರೀತಿಸಿದವನು. ಅವನ ಹೆಂಡತಿ ಯೆಹೂದ್ಯ ವಂಶದವಳು. ಅವಳ ಮೊದಲ ಮದುವೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ಹಿರಿಯವಳು 1939ರಲ್ಲಿ ಇಂಗ್ಲೆಂಡನ್ನು ಸೇರಿಕೊಂಡಳು. ಕಿರಿಯವಳನ್ನು ಕಳುಹಿಸಲು ಹೊರಟಾಗ ಕಾಲ ಮಿಂಚಿತ್ತು. 1942ರ ಡಿಸೆಂಬರಿನಲ್ಲಿ ಅವಳಿಗೆ ಪರವಾನಗಿ ದೊರೆಯದೆಂಬುದು ಖಚಿತವಾದ ಮೇಲೆ, ಗಂಡ ಹೆಂಡತಿ ಮಗಳು ಮೂವರೂ ಒಂದೇ ರಾತ್ರಿ ಪ್ರಾಣ ಬಿಟ್ಟರು. ಕ್ಲೆಪ್ಪರನನ್ನು ದೂರಲು ನನಗೆ ನಾಲಗೆ ಬಾರದು. ಆದರೆ ನಾಡಿನ ಮೇಲಿನ ಪ್ರೀತಿ ಒಂದು, ಋಣ ಮತ್ತೊಂದು ಎಂಬುದನ್ನು ಅವನ ಮನೆಯ ಕಥೆ ಓದಿದವರು ಮರೆಯಲಾರರು. ಪ್ರೀತಿಯು ನಾಳೆ ನೋಡೋಣವೆನ್ನುತ್ತದೆ. ಋಣವು ಮೊದಲು ತೀರಿಸತಕ್ಕದ್ದು ಯಾರದೆಂದು ಕೇಳುತ್ತದೆ. ಗೃಹಸ್ಥನು ತನ್ನ ಸಾಲವನ್ನು ಮಕ್ಕಳ ಪ್ರಾಣದಿಂದ ತೀರಿಸಲಾಗದು.

ಹೊರಡಲೋ ನಿಲ್ಲಲೋ ಎಂದು ಕೇಳಿಕೊಳ್ಳುವುದಕ್ಕೂ ಒಂದು ಭಾಗ್ಯ ಬೇಕೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. 1938ರ ಜುಲೈಯಲ್ಲಿ ಫ್ರಾನ್ಸಿನ ಏವಿಯಾನಿನಲ್ಲಿ 32 ದೇಶಗಳ ಪ್ರತಿನಿಧಿಗಳು ಈ ನಿರಾಶ್ರಿತರ ವಿಷಯವಾಗಿ ಸಭೆ ಸೇರಿ, ಮರುಕದ ಮಾತುಗಳನ್ನಾಡಿ, ಡೊಮಿನಿಕನ್ ಗಣರಾಜ್ಯವೊಂದರ ಹೊರತು ಬಹುಮಟ್ಟಿಗೆ ಎಲ್ಲರೂ ಬಾಗಿಲನ್ನು ಇದ್ದಂತೆಯೇ ಇಟ್ಟು ಚದುರಿದರು. ಬಾಗಿಲೇ ಇಲ್ಲದ ಗೋಡೆಯ ಮುಂದೆ ನಿಂತವನು ಯಾವ ಧರ್ಮಜಿಜ್ಞಾಸೆಯನ್ನು ಮಾಡಿಯಾನು? ಆದುದರಿಂದಲೇ, ಬಾಗಿಲು ತೆರೆದಿದ್ದೂ ಒಳಗೇ ನಿಂತ ರಬ್ಬಿ ಲಿಯೋ ಬೆಕ್ ಅವರ ನಿರ್ಧಾರಕ್ಕೆ ಅಷ್ಟು ಘನತೆ. 1933ರಿಂದ ಜರ್ಮನಿಯ ಯೆಹೂದ್ಯರ ಪ್ರತಿನಿಧಿಸಂಸ್ಥೆಯ ಮುಖ್ಯಸ್ಥರಾಗಿದ್ದ ಆ ವೃದ್ಧರು, ಹೊರಗಿನಿಂದ ಬಂದ ಕರೆಗಳನ್ನು ಒಪ್ಪದೆ, ಸಾಧ್ಯವಾದವರನ್ನೆಲ್ಲ ಹೊರಗೆ ಕಳುಹಿಸುವ ಕೆಲಸವನ್ನೇ ಮಾಡುತ್ತ ನಿಂತರು. ಕಳುಹಿಸಲಾಗದವರೊಡನೆ 1943ರ ಜನವರಿಯಲ್ಲಿ ತಾವೂ ಟೆರೇಸಿನ್ ಶಿಬಿರಕ್ಕೆ ಹೋದರು. ಉಳಿಯಬೇಕೆಂದು ಅವರು ಇನ್ನೊಬ್ಬರಿಗೆ ಬೋಧಿಸಲಿಲ್ಲ.

ನಮ್ಮ ದೇಶದ ಚಿತ್ತದಲ್ಲಿ ಈ ಪ್ರಶ್ನೆ ಲಂಕೆಯ ರೂಪದಲ್ಲಿ ನೆಲೆಸಿದೆ. ರಾವಣನ ಕೃತ್ಯ ಅಧರ್ಮವೆಂದು ಇಬ್ಬರು ತಮ್ಮಂದಿರೂ ಕಂಡರು, ಇಬ್ಬರೂ ಅದನ್ನು ಮುಖಕ್ಕೆ ಹೇಳಿದರು. ವಿಭೀಷಣನು ತುಂಬಿದ ಸಭೆಯಲ್ಲಿ ಅವಮಾನಿತನಾಗಿ ನಾಲ್ವರು ಅನುಚರರೊಡನೆ ಕಡಲು ದಾಟಿದನು. ಕುಂಭಕರ್ಣನು ಅಣ್ಣನನ್ನು ಬೈದು, ಬೈದ ಬಾಯಿಂದಲೇ ಯುದ್ಧಕ್ಕೆ ಅಪ್ಪಣೆ ಪಡೆದು, ರಣದಲ್ಲಿ ಬಿದ್ದನು. ಲೋಕವು ಇಬ್ಬರನ್ನೂ ಇಂದಿಗೂ ತೂಗುತ್ತಲೇ ಇದೆ. ಆಪತ್ತಿನಲ್ಲಿ ಅಣ್ಣನನ್ನು ಬಿಟ್ಟು ಬಂದವನು ಮುಂದೆ ಯಾರನ್ನು ಬಿಡನೆಂದು ಸುಗ್ರೀವನು ಕೇಳಿದಾಗ, ಶ್ರೀರಾಮನು ಶರಣಾಗತನಿಗೆ ಅಭಯ ಕೊಡುವುದು ತನ್ನ ವ್ರತವೆಂದನು. ಅದು ರಾಮನ ಧರ್ಮವನ್ನು ತಿಳಿಸಿತೇ ಹೊರತು ಸುಗ್ರೀವನ ಪ್ರಶ್ನೆಗೆ ಉತ್ತರವಾಗಲಿಲ್ಲ. ಅದೇ ಪ್ರಶ್ನೆಯನ್ನು ನಿಕುಂಭಿಲೆಯ ಬಳಿ ಇಂದ್ರಜಿತುವು ಚಿಕ್ಕಪ್ಪನ ಮುಖಕ್ಕೆ ಎಸೆದನು. ಸೀತೆಗೆ ಲಂಕೆಯ ಒಳಮಾತನ್ನು ತಂದು ತಿಳಿಸಿದವಳು ತಾಯಿಯಿಂದ ಕಳುಹಿಸಲ್ಪಟ್ಟ ವಿಭೀಷಣನ ಹಿರಿಯ ಮಗಳೆಂದು ಸುಂದರಕಾಂಡದಲ್ಲಿ ವಾಲ್ಮೀಕಿಯು ಹೇಳುತ್ತಾನೆ. ತಂದೆಯು ನಾಲ್ವರೊಡನೆ ಕಡಲು ದಾಟಿದ ದಿನ ಆ ತಾಯಿಯ, ಆ ಮಗಳ ಮನಸ್ಸು ಏನಾಗಿದ್ದಿರಬೇಕು? ಈ ಸ್ಥಳಕ್ಕೆ ಬಂದಾಗಲೆಲ್ಲ ನನ್ನ ಓದು ನಿಂತುಹೋಗುತ್ತದೆ.

ಕುಂಭಕರ್ಣನಲ್ಲಿ ದೋಷವೆಲ್ಲಿ? ಲಂಕೆಯ ಋಣವೂ ಲಂಕೇಶ್ವರನ ಋಣವೂ ಒಂದೇ ಎಂದು ಅವನು ಭಾವಿಸಿದನು. ಅಣ್ಣನ ಅನ್ನದ ಋಣವನ್ನು ತೀರಿಸಿದನು. ತನ್ನೊಡನೆ ಬೇಯಲಿದ್ದ ಊರಿನ ಋಣ ಹಾಗೆಯೇ ಉಳಿಯಿತು. ವಿಭೀಷಣನೋ, ಆ ಎರಡೂ ಬೇರೆಯೆಂದು ಅರಿತವನು, ಅರಿತು ಹೊರಟನು, ಆದರೆ ಹೊರಟವನ ಲೆಕ್ಕ ಹೊರಟಾಗಲೇ ಮುಗಿಯಲಿಲ್ಲ. ರಾವಣನು ಬಿದ್ದ ಬಳಿಕ, ಅಂಥವನಿಗೆ ಸಂಸ್ಕಾರ ಮಾಡೆನೆಂದು ಹಿಂಜರಿದ ವಿಭೀಷಣನಿಗೆ, ವೈರವು ಮರಣದೊಡನೆ ಮುಗಿಯಿತೆಂದು ಹೇಳಿ ರಾಮನು ಚಿತೆಗೆ ಬೆಂಕಿಯಿಡಿಸಿದನು. ಋಣ ತೀರಿದ್ದು ಅಲ್ಲಿ: ಹೊರಟುಹೋದವನೇ ತಿರುಗಿ ಬಂದು, ಸುಟ್ಟ ಊರಿನ ನಡುವೆ ನಿಂತು, ಕೊಳ್ಳಿಯನ್ನು ಕೈಯಲ್ಲಿ ಹಿಡಿದಾಗ. ಇನ್ನು ಬೊನ್‌ಹೋಫರನು ಇವರಿಬ್ಬರಲ್ಲಿ ಯಾರನ್ನು ಹೋಲುತ್ತಾನೆಂದು ಕೇಳಿದರೆ, ವಿಭೀಷಣನ ಬುದ್ಧಿಯನ್ನು ಹೊತ್ತು ಕುಂಭಕರ್ಣನ ಸ್ಥಳದಲ್ಲಿ ನಿಂತವನೆಂದು ಹೇಳಬೇಕಾಗುತ್ತದೆ. ಅವನು ಊರಲ್ಲಿ ಉಳಿದನು, ಊರ ಅರಸನ ಕಡೆ ಸೇರಲಿಲ್ಲ. ಹಿಟ್ಲರನನ್ನು ಕೆಳಗಿಳಿಸಲು ಒಳಗೊಳಗೇ ಯತ್ನಿಸುತ್ತಿದ್ದವರ ಗುಂಪಿನಲ್ಲಿ ಸೇರಿದನು. ನಾಡಿನೊಳಗಿದ್ದು ನಾಡಿನ ಸೋಲನ್ನು ಹಾರೈಸುವ ಆ ಸಂಕಟಕ್ಕೆ ರಾಮಾಯಣದಲ್ಲಿಯೂ ಹೋಲಿಕೆ ಸಿಗುವುದಿಲ್ಲ.

ಕೆಲವು ಋಣಗಳು ಮಣ್ಣಿಗೆ ಕಟ್ಟಿದವು, ಕೆಲವು ಗಂಟಿನಲ್ಲಿ ಕಟ್ಟಿಕೊಂಡು ಹೋಗಬಹುದಾದವು. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಕಲ್ಯಾಣ ಕ್ಷೋಭೆಗೊಂಡಾಗ, ಚನ್ನಬಸವಣ್ಣ, ಅಕ್ಕನಾಗಮ್ಮ ಮೊದಲಾದ ಶರಣರು ವಚನದ ಕಟ್ಟುಗಳನ್ನು ಹೊತ್ತು ಕಾಡುದಾರಿಯಲ್ಲಿ ಉಳವಿಯ ಕಡೆಗೆ ನಡೆದರೆಂದು ನಮ್ಮ ಪರಂಪರೆ ಹೇಳುತ್ತದೆ. ಅವರು ಕಲ್ಯಾಣದಲ್ಲೇ ನಿಂತು ಮಡಿದಿದ್ದರೆ ಅದನ್ನು ವೀರವೆಂದು ಹಾಡಬಹುದಾಗಿತ್ತು; ಆದರೆ ಅವರ ಸಾಲವಿದ್ದದ್ದು ಇನ್ನೂ ಹುಟ್ಟದ ಕಿವಿಗಳಿಗೆ. 1959ರ ಮಾರ್ಚ್ 17ರ ರಾತ್ರಿ ಸಿಪಾಯಿಯ ವೇಷದಲ್ಲಿ ಲ್ಹಾಸಾ ನಗರವನ್ನು ಬಿಟ್ಟ ದಲೈ ಲಾಮಾ ಅವರದೂ ಅಂಥದೇ ಸಾಲ. ಪಿರಿಯಾಪಟ್ಟಣದ ಬಳಿಯ ಬೈಲುಕುಪ್ಪೆಯಲ್ಲಿ, ಟಿಬೆಟ್ ನಾಡಿನವರು ಕಾಡು ಕಡಿದು ಜೋಳ ಬಿತ್ತಿದ ನೆಲದ ನಡುವೆ, ಲ್ಹಾಸಾದ ಸೆರಾ ವಿಹಾರ ಮತ್ತೆ ಎದ್ದು ನಿಂತಿರುವುದನ್ನು ನಾವು ಕಣ್ಣಾರೆ ಕಾಣಬಹುದು.

ಹೀಗಿರಲು, ಹೊರಟವರನ್ನು ಉಳಿದವರು ಹೀಗಳೆಯುವುದೂ, ಉಳಿದವರನ್ನು ಹೊರಟವರು ಶಂಕಿಸುವುದೂ ಧರ್ಮಕ್ಕೆ ದೂರವಾದುದೆಂದು ನನ್ನ ದೃಢವಾದ ನಂಬಿಕೆ. 1945ರಲ್ಲಿ ಜರ್ಮನಿಯ ಸಾಹಿತಿಗಳಲ್ಲಿ ಈ ಕಲಹವೇ ಎದ್ದು, ಅಮೆರಿಕದಲ್ಲಿದ್ದ ಥಾಮಸ್ ಮಾನ್ ಒಂದು ಕಡೆ, ನಾಡಿನೊಳಗೇ ಇದ್ದ ಲೇಖಕರು ಇನ್ನೊಂದು ಕಡೆ ನಿಂತು, ಯಾರ ಯಾತನೆ ದೊಡ್ಡದೆಂದು ಪತ್ರಿಕೆಗಳಲ್ಲಿ ವಾದಿಸಿದರು. ಒಬ್ಬನ ಲೆಕ್ಕದ ಪುಸ್ತಕವನ್ನು ಇನ್ನೊಬ್ಬನು ತೆರೆದು ಓದಲಾಗದು. ಬೊನ್‌ಹೋಫರನು ‘ಅಧಿಕಾರವಿರದು’ ಎಂದು ಬರೆದದ್ದು ತನ್ನೊಬ್ಬನ ವಿಷಯದಲ್ಲಿ.

ಅವನ ಕಥೆಯ ಶೇಷಭಾಗ ಚಿಕ್ಕದು. 1943ರ ಏಪ್ರಿಲ್ 5ರಂದು ಅವನು ಸೆರೆಯಾದನು. 1944ರ ಶರತ್ಕಾಲದಲ್ಲಿ ಒಬ್ಬ ಕಾವಲುಗಾರನ ನೆರವಿನಿಂದ ತಪ್ಪಿಸಿಕೊಂಡು ಹೋಗುವ ಸಿದ್ಧತೆಯೆಲ್ಲ ಆಗಿತ್ತು; ಅಷ್ಟರಲ್ಲಿ ಅಣ್ಣ ಕ್ಲೌಸನನ್ನು ಹಿಡಿದರೆಂಬ ಸುದ್ದಿ ಬಂದು, ತಾನು ಓಡಿದರೆ ಸೇಡು ಮನೆಯವರ ಮೇಲೆ ಬೀಳುವುದೆಂದು ಆ ಯೋಚನೆಯನ್ನು ಬಿಟ್ಟನು. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯೂರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅದೇ ತಿಂಗಳಲ್ಲಿ ಕ್ಲೌಸನನ್ನೂ ಇಬ್ಬರು ಸೋದರಿಯರ ಗಂಡಂದಿರನ್ನೂ ಕೊಂದರು. ಜುಲೈ 27ರಂದು, ಅವನು ಬರ್ಲಿನ್ನಿಗೆ ಹಿಂದಿರುಗಿದ ದಿನಕ್ಕೆ ಸರಿಯಾಗಿ ಆರು ವರ್ಷಕ್ಕೆ, ಲಂಡನ್ನಿನ ಒಂದು ಚರ್ಚಿನಲ್ಲಿ ಅವನ ಸ್ಮರಣಾರ್ಥ ಪ್ರಾರ್ಥನೆ ನಡೆಯಿತು. ನಾಡು ತೊರೆದಿದ್ದ ಸಾಬೀನೆ ಅಲ್ಲಿ ಕುಳಿತಿದ್ದಳು, ನಾಡಿನಲ್ಲೇ ಉಳಿದಿದ್ದ ತಂದೆತಾಯಿಗಳು ಬರ್ಲಿನ್ನಿನ ಮನೆಯಲ್ಲಿ ರೇಡಿಯೋದ ಮುಂದೆ ಕುಳಿತು ಅದನ್ನು ಕೇಳಿದರು. ಅವಳ ಗಂಡ ಲೈಬ್‌ಹೋಲ್ಟ್ಸನು ಮುಂದೆ ಜರ್ಮನಿಗೆ ಹಿಂದಿರುಗಿ, 1951ರಿಂದ 1971ರವರೆಗೆ ಇಪ್ಪತ್ತು ವರ್ಷ, ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯದಲ್ಲಿ ನ್ಯಾಯಾಧೀಶನಾಗಿ ಕುಳಿತಿದ್ದನು.